ಉಣ್ಣುವ ಮೊದಲು ಆಡಬೇಕಿದ್ದ ಮಾತು

ಆ ವರ್ಷ ನನ್ನ ಕೆಲಸವೆಂದರೆ ಜನರ ಬಾಗಿಲಿಗೆ ಹೋಗಿ ಅವರನ್ನು ಸಭೆಗೆ ಕರೆಯುವುದು. ಬಾಗಿಲ ಮುಂದೆ ನಿಂತು ಕೂಗಲು ನನಗೆ ದನಿಯೇ ಏಳುತ್ತಿರಲಿಲ್ಲ. ಕಟ್ಟೆಯ ಹತ್ತಿರ ಸೆರಗು ಸರಿಪಡಿಸಿಕೊಳ್ಳುತ್ತ ನಿಲ್ಲುತ್ತಿದ್ದೆ. ಒಳಗಿನಿಂದ ಯಾರಾದರೂ ತಾವಾಗಿ ಹೊರಬಂದು, "ಏನಬೇ, ಬೇಡಾಕ ಬಂದವರಂಗ ನಿಂತೀಯಲ್ಲ, ಒಳಗ ಬಾ" ಎಂದ ಮೇಲೆಯೇ ನನ್ನ ಬಾಯಿ ಬಿಚ್ಚುತ್ತಿತ್ತು.

ಮೊಮ್ಮಕ್ಕಳಿರಾ, ನಿಮ್ಮ ಪುಸ್ತಕದಲ್ಲಿ ಹವಾಮಾನದ ಪಾಠ ಬಂದಾಗ, "ಅಜ್ಜಿ, ಫಾರಿನ್ನಿನವರ ಜೋಡಿ ನೀನೂ ಮಾತಾಡಿದ್ದಿಯಂತ, ಖರೆ ಏನು?" ಎಂದು ಕೇಳಿದಿರಿ. ನಾನು ನಕ್ಕು ಸುಮ್ಮನಾದೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಹುನಗುಂದದ ಕಡೆಯ ನನ್ನ ತವರಿನ ಸಾಲೆಯಲ್ಲಿ ಮುಲ್ಕಿಯವರೆಗೆ, ಅಂದರೆ ಏಳನೆಯ ಇಯತ್ತೆಯವರೆಗೆ, ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಊರ ಹಿಂದಿನ ಗುಡ್ಡ ನೀವು ನೋಡಿದ್ದೀರಿ. ಚೊಳಚಗುಡ್ಡದಿಂದ ಬರುವಾಗ ಎಡಕ್ಕೆ ಕಾಣುವ ಕೆಂಪು ಕಲ್ಲಿನ ಗುಡ್ಡ. ಅದು ಗಾಯರಾಣ, ಯಾರ ಹೆಸರಿಗೂ ಇಲ್ಲ, ಊರ ದನಕುರಿ ಮೇಯಲು ಬಿಟ್ಟ ಜಾಗ. ಬಿದ್ದ ಮಳೆ ಅಲ್ಲಿ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಮಣ್ಣನ್ನು ಎಳೆದುಕೊಂಡು ಇಳಿದು ಕೆರೆಯಲ್ಲಿ ಹೂಳು ತುಂಬುತ್ತಿತ್ತು. ಹೊರದೇಶದ ಒಂದು ಹವಾಮಾನ ನಿಧಿಯವರು ಆ ಗುಡ್ಡದ ಮೇಲೆ ಗಿಡ ಬೆಳೆಸಲು, ನೀರು ಇಂಗಿಸಲು, ಕೆರೆಯ ಹೂಳು ತೆಗೆಸಲು ಹಣ ಕೊಡುವವರಿದ್ದರು. ಅಲ್ಲಿಯ ಕಾರ್ಖಾನೆಗಳ ಹೊಗೆಯಿಂದ ಆಕಾಶ ಕೆಟ್ಟಿದೆ, ಇಲ್ಲಿಯ ಗಿಡಗಳು ಅದರಲ್ಲಿ ಒಂದಿಷ್ಟನ್ನು ಹೀರಿಕೊಳ್ಳುತ್ತವೆ, ಆದ್ದರಿಂದ ಅವರು ಕೊಡಬೇಕು, ನಾವು ಬೆಳೆಸಬೇಕು. ನನಗೆ ಇದನ್ನು ಹೀಗೆ ಬಿಡಿಸಿ ಹೇಳಿದವಳು ಯೋಜನೆಯ ಹುಡುಗಿ.

ಅವಳು ಇಳಕಲ್ಲಿನವಳು. ಅವಳ ತಾಯಿ ಇನ್ನೂ ಮಗ್ಗದ ಮೇಲೆ ಸೀರೆ ನೇಯುತ್ತಾಳೆ. ಹುಡುಗಿ ಓದಿ, ಹೊರದೇಶಗಳ ಸಭೆಗಳಿಗೆ ಹೋಗಿ, ಬಡ ಊರುಗಳ ಪರವಾಗಿ ಹಣ ಕೇಳುವ ಕೆಲಸ ಮಾಡುತ್ತಿದ್ದಳು. ಬಾಗಲಕೋಟೆಯಲ್ಲಿ ಅವಳ ಕಚೇರಿ ಇತ್ತು. ನನ್ನನ್ನು 'ದೊಡ್ಡವ್ವಾ' ಎನ್ನುತ್ತಿದ್ದಳು. ನಮ್ಮ ರೊಟ್ಟಿ ಮಾಡುವ ಹೆಂಗಸರ ಗುಂಪಿಗೆ ನಾನು ಹಿರಿಯಳೆಂದು, ಊರಿನ ಸಂಯೋಜಕಿ ಎಂಬ ಕೆಲಸಕ್ಕೆ ನನ್ನನ್ನು ಆರಿಸಿದವಳೂ ಅವಳೇ. ಬೇಡವೆನ್ನಲು ಹೆದರಿ ಹೂಂ ಎಂದಿದ್ದೆ.

ಗುಡ್ಡದ ಸಮಿತಿಗೆ ಅಧ್ಯಕ್ಷರು ನನ್ನ ಭಾವನವರು, ಅಂದರೆ ನಿಮ್ಮ ದೊಡ್ಡಜ್ಜ. ಮದುವೆಯಾಗಿ ಬಂದಾಗಿನಿಂದ ನಾನು ಅವರ ಎದುರು ನೇರವಾಗಿ ಮಾತಾಡಿದವಳಲ್ಲ. ಅವರು ಪಡಸಾಲೆಗೆ ಬಂದರೆ ನಾನು ಒಳಗೆ. ಏನಾದರೂ ಹೇಳುವುದಿದ್ದರೆ ಮಧ್ಯೆ ಇನ್ನೊಬ್ಬರು ಬೇಕು. ನಿಮ್ಮ ಅಜ್ಜ ತೀರಿಕೊಂಡ ಮೇಲೂ ಅದೇ ನಡೆದಿತ್ತು. ಅವರು ಕೆಟ್ಟವರಲ್ಲ. ಕೆರೆ ತುಂಬಬೇಕೆಂಬ ಆಸೆಗೆ ಸಸಿ ಬೆಳೆಸಲು ತಮ್ಮ ಹೊಲದ ಮೂಲೆಯನ್ನೇ ಬಿಟ್ಟುಕೊಟ್ಟಿದ್ದರು.

ನಿಧಿಯವರ ಷರತ್ತು ಒಂದೇ ಗಟ್ಟಿಯಾಗಿತ್ತು. ಗುಡ್ಡವನ್ನು ಬಳಸುವ ಎಲ್ಲರೂ, ಯಾರ ಒತ್ತಾಯವೂ ಇಲ್ಲದೆ, ತಿಳಿದು ಒಪ್ಪಬೇಕು. ಒಬ್ಬರ ತಕರಾರು ಇದ್ದರೂ ಅದನ್ನು ಕೇಳಿ ಬಗೆಹರಿಸುವವರೆಗೆ ಹಣ ಬಿಡುಗಡೆಯಿಲ್ಲ. ಅದಕ್ಕಾಗಿ ಸಭೆಗಳಾದವು. ಭಾವನವರು ಶರಣರ ಹಾದಿಯವರು; ದಾಸೋಹವಿಲ್ಲದೆ ಅವರು ಯಾವ ಸಭೆಯನ್ನೂ ಕೂಡಿಸಿದವರಲ್ಲ. ಮೊದಲು ಎಲ್ಲರಿಗೂ ಊಟ, ಆಮೇಲೆ ಮಾತು. ನಮ್ಮ ಗುಂಪಿನವರು ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ ಮಾಡುತ್ತಿದ್ದೆವು. ಬಡಿಸುವವರು ಮಾತ್ರ ಸ್ವತಃ ಭಾವನವರು. ಊಟ ಮುಗಿದ ಮೇಲೆ ಹುಡುಗಿ ಎದ್ದು ನಿಂತು, "ಯಾರದರೆ ತಕರಾರು ಐತೇನ್ರಿ?" ಎಂದು ಕೇಳುತ್ತಿದ್ದಳು. ಎಲ್ಲರೂ ಮುಗುಳ್ನಗುತ್ತಿದ್ದರು. ಇಲ್ಲವೆಂದು ದಾಖಲಾಗುತ್ತಿತ್ತು.

ಸಭೆಗಳ ನಡುವೆ ಗುಡ್ಡದ ಮೇಲೆ ಗುರುತು ಹಾಕುವ ಕೆಲಸ ನಡೆದಿತ್ತು. ಎರಡು ಉದ್ದ ಕಟ್ಟಿಗೆಗಳ ತುದಿ ಸೇರಿಸಿ ಕಟ್ಟಿ, ನಡುವೆ ಅಡ್ಡಕಟ್ಟಿಗೆ ಬಿಗಿದು, ಮೇಲಿನಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಡುತ್ತಾರೆ. ದಾರ ಅಡ್ಡಕಟ್ಟಿಗೆಯ ನಡುಗುರುತಿಗೆ ಬಂದು ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಅಲ್ಲಿ ಸುಣ್ಣ ಉದುರಿಸಿ, ಒಂದು ಕಾಲನ್ನು ಅಲ್ಲೇ ಊರಿ ಇನ್ನೊಂದನ್ನು ತಿರುಗಿಸಿದರೆ ಮುಂದಿನ ಗುರುತು. ಹೀಗೆ ಗುಡ್ಡದ ಮೈಗೆ ಅಡ್ಡಲಾಗಿ ಬಿಳಿ ಗೆರೆ ಎಳೆಯುತ್ತ ಹೋಗಬೇಕು. ಆ ಗೆರೆಯ ಮೇಲೆ ಕಂದಕ ತೋಡಿದರೆ ನೀರು ಓಡದೆ ನಿಂತು ಇಂಗುತ್ತದೆ. ನನಗೆ ಈ ಕೆಲಸ ಬಹಳ ಹಿಡಿಸಿತು, ಏಕೆಂದರೆ ಅದರಲ್ಲಿ ಮಾತಿರಲಿಲ್ಲ.

ಒಂದು ಬೆಳಿಗ್ಗೆ ಗೆರೆ ಎಳೆಯುತ್ತಿದ್ದಾಗ ಕಾಲ ಕೆಳಗೆ ಕುರಿಹಿಕ್ಕೆ ಸಿಕ್ಕಿತು. ಒಣಗಿ ಪುಡಿಯಾದ ಹಳೆಯ ಹಿಕ್ಕೆ. ತಲೆಯೆತ್ತಿ ನೋಡಿದರೆ ಕೆಳಗಿನಿಂದ ಗುಡ್ಡದ ನಡುವಿನವರೆಗೆ ಕಲ್ಲು ಸವೆದ ಕುರಿದಾರಿ. ನಮ್ಮ ಸುಣ್ಣದ ಗೆರೆ ಅದನ್ನು ಕತ್ತರಿಸಿಕೊಂಡು ಹೋಗಿತ್ತು. ಗುಡ್ಡದ ಸುತ್ತ ಬರುವ ತಂತಿಬೇಲಿಯ ಗೆರೆಯೂ ಹಾಗೆಯೇ. ಸಸಿ ಎತ್ತರವಾಗುವವರೆಗೆ, ಅಂದರೆ ಕೆಲವು ವರ್ಷ, ಒಳಗೆ ಒಂದು ಮೇಕೆಯೂ ಹೋಗುವಂತಿರಲಿಲ್ಲ.

ನಮ್ಮ ಊರ ಕುರುಬರು ಸುಗ್ಗಿ ಮುಗಿದ ಮೇಲೆ ಹುನಗುಂದದ ಕಡೆಯ ಎರೆಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತಾರೆ. ಬಿತ್ತನೆ ಶುರುವಾದಾಗ ಹೊಲದಲ್ಲಿ ಜಾಗವಿರುವುದಿಲ್ಲ. ಆಗ ಹಿಂತಿರುಗಿ ಈ ಗುಡ್ಡ ಹತ್ತುತ್ತಾರೆ. ಮೊದಲ ಸಭೆಗಳಾದಾಗ ಅವರು ಊರಲ್ಲೇ ಇರಲಿಲ್ಲ. ಕೊನೆಯ ಸಭೆಗೆ ಅವರ ಹಿರಿಯ, ಬೀರಪ್ಪನ ಗುಡಿಯ ಪೂಜೆ ಮಾಡುವವನು, ಒಬ್ಬನೇ ಮುಂಚಿತವಾಗಿ ಬಂದಿದ್ದ. ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರ. ಭಾವನವರು ಅವನ ಗಂಗಾಳಕ್ಕೆ ಎರಡೆರಡು ಸಲ ಬಡಿಸಿದರು. ಹುಡುಗಿ ಕೇಳಿದಾಗ, "ಹಿರ್ಯಾರು ಹೇಳಿಧಂಗ ಆಗ್ಲಿರಿ" ಎಂದುಬಿಟ್ಟ. ಹುಡುಗಿ ಅದನ್ನೂ ಬರೆದುಕೊಂಡಳು.

ಮರುದಿನ ಅವನು ನಮ್ಮ ಅಂಗಳಕ್ಕೆ ಬಂದು ಕೂತ.

"ತಂಗೆವ್ವಾ, ಬೇಲಿ ಆತಂದ್ರ ಕುರಿ ಎಲ್ಲಾ ಅಮೀನಗಡ ಸಂತ್ಯಾಗ ಮಾರಬೇಕಾಗ್ತೈತಿ. ಮಳಿಗಾಲದಾಗ ಎಲ್ಲಿ ನಿಂದ್ರಸ್ಲಿ?"

"ಅಣ್ಣಾ, ನಿನ್ನೆ ಯಾಕ ಹೇಳಲಿಲ್ಲ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಹೆಂಗ ಹೇಳ್ಲಿ? ಅವರ ಕೈಯಾಗಿಂದು ಉಂಡಿದ್ದೆ. ಉಂಡ ಬಾಯಲೆ, ಅಲ್ಲೇ ಕುಂತು, ಬ್ಯಾಡ ಅನ್ನಾಕ ಬರ್ತೈತೇನು?"

ಅವನು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಬಡಿಸಿದವರ ಮಾತಿಗೆ ಅದೇ ಪಂಕ್ತಿಯಲ್ಲಿ ಕೂತು ಎದುರಾಡುವವರು ನಮ್ಮಲ್ಲಿಲ್ಲ. ಅದು ಪ್ರಸಾದ. ಜಗಳವಿದ್ದರೆ ಜನ ಊಟಕ್ಕೇ ಬರುವುದಿಲ್ಲ. ಬಂದು ಉಂಡರೆಂದರೆ ಆ ದಿನಕ್ಕೆ ಮಾತು ಮುಗಿಯಿತು. ನಾವು ನಮ್ಮ ಕೈಯಾರೆ ರೊಟ್ಟಿ ಬಡಿದು ಊರವರ ಬಾಯಿ ಮುಚ್ಚಿಸುತ್ತ ಬಂದಿದ್ದೆವು, ಬೇಕೆಂದು ಅಲ್ಲ. ಹುಡುಗಿಗೆ ಅದು ಹೊಳೆಯಲಿಲ್ಲ, ಅವಳು ಪೇಟೆಯಲ್ಲಿ ಬೆಳೆದವಳು. ಭಾವನವರಿಗೂ ಹೊಳೆದಿರಲಿಲ್ಲ, ಅವರು ಯಾವಾಗಲೂ ಬಡಿಸುವ ಕಡೆಯವರು.

ನಿಧಿಯವರು ಕಣ್ಣಾರೆ ನೋಡಿ ಹೋಗಲು ಬರುವ ದಿನ ಹತ್ತಿರವಾಗಿತ್ತು. ಹೇಳಿದರೆ ಕೆರೆಯ ಕೆಲಸ ನಿಲ್ಲುತ್ತದೆ, ಊರೆಲ್ಲ ನನ್ನನ್ನು ಶಪಿಸುತ್ತದೆ. ಹೇಳದಿದ್ದರೆ ಕುರಿಗಳು ಸಂತೆಗೆ ಹೋಗುತ್ತವೆ. ಕೊನೆಗೆ ಬಾಗಲಕೋಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಂಡೆ. ಕಚೇರಿಯ ಮೆಟ್ಟಿಲ ಹತ್ತಿರ ಬಂದಾಗ ಎಲ್ಲ ಕಲಸಿಹೋಯಿತು. ಹುಡುಗಿ ನೀರು ಕೊಟ್ಟಳು, ಪಕ್ಕದಲ್ಲಿ ಕೂತಳು. ಆಗ ಹೇಳಿದೆ.

"ದೊಡ್ಡವ್ವಾ, ಯಾರದೂ ತಕರಾರಿಲ್ಲ ಅಂತ ನಾ ಆಗಲೇ ನಿಧಿಯವರ ಸಭಾದಾಗ ಎಲ್ಲರ ಮುಂದ ಹೇಳಿ ಬಂದೇನಿ. ಅದರ ಮ್ಯಾಲೇ ಅವರು ಹೂಂ ಅಂದಿದ್ದು."

"ನಿನ್ನ ಕೆಲಸ ಹೋಗ್ತೈತೇನವ್ವಾ?"

"ಹೋಗಬಹುದು." ಅವಳು ಮೇಜಿನ ಮೇಲಿದ್ದ ವರದಿಯ ಹಾಳೆಗಳನ್ನು ಓದದೆಯೇ ತಿರುವಿಹಾಕತೊಡಗಿದಳು. ಇಷ್ಟು ದೇಶ ತಿರುಗಿದವಳಿಗೂ ಹೆದರಿಕೆ ಎಂಬುದು ಇದೆಯಲ್ಲ ಎಂದು ನನಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಭಯವಾಯಿತು. ಆಮೇಲೆ ಅವಳೇ ಹೇಳಿದಳು: "ನಾ ಹೇಳಿದ್ರ ಅವರು ನನ್ನ ಮಾತಷ್ಟಽ ಕೇಳ್ತಾರ. ಗುಡ್ಡ ಯಾರಿಗೆ ಬೇಕೋ ಅವರ ಬಾಯಿಂದ, ಬಂದವರ ಎದುರಿಗೇ ಬರಬೇಕು. ಊಟಕ್ಕ ಮೊದಲ ಸಭಾ ಇಟ್ರ?"

ಅವಳು ಭಾವನವರಿಗೆ ಫೋನು ಮಾಡಿದಳು. ಅವರ ದನಿ ನನಗೂ ಕೇಳಿಸಿತು. "ಏನು ಮಾತಾಡ್ತೀಯವ್ವಾ? ಸಮುದ್ರ ದಾಟಿ ಬಂದವರನ್ನ ಬಿಸಲಾಗ ಉಪಾಸ ಕುಂದ್ರಸೂದು? ಅದು ಆಗೂ ಮಾತಲ್ಲ." ಫೋನು ಇಟ್ಟರು.

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ತಿಳಿಯಿತು. ಬಡಿಸುವವರು ಅವರು, ಆದರೆ ಬೇಯಿಸುವವರು ನಾವು. ಇದು ಹೊಳೆದ ಕೂಡಲೇ ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಕೊರಳಲ್ಲಿನ ಲಿಂಗವನ್ನು ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡೇ ಊರು ಮುಟ್ಟಿದೆ.

ಅತಿಥಿಗಳು ಬರುವ ದಿನ ಬೆಳಿಗ್ಗೆ ಸಮುದಾಯ ಭವನದ ಹಿಂದೆ ನಮ್ಮ ಗುಂಪು ಸೇರಿತು. ಬದನೆಕಾಯಿ ಸೀಳಿದ್ದಾಯಿತು, ಹಿಟ್ಟು ಜರಡಿ ಹಿಡಿದದ್ದಾಯಿತು. ಒಬ್ಬಳು ಒಲೆಗೆ ಕಟ್ಟಿಗೆ ಒಟ್ಟಿ ಕಡ್ಡಿಪೆಟ್ಟಿಗೆ ತೆಗೆದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಒಲಿ ಈಗ ಹಚ್ಚೂದು ಬ್ಯಾಡ. ಮಾತು ಮುಗದ ಮ್ಯಾಲೆ ಹಚ್ಚೂಣು."

ನಮ್ಮ ಗುಂಪಿನಲ್ಲಿ ಬಹಳ ಬಾಯಿಯ ಗೆಳತಿಯೊಬ್ಬಳು ಇದ್ದಳಲ್ಲ, ನೀವು ಚಕ್ಕುಲಿ ಅಜ್ಜಿ ಎನ್ನುತ್ತಿದ್ದಿರಿ, ಅವಳು ಕೈಯಲ್ಲಿನ ಜರಡಿ ಕೆಳಗಿಟ್ಟಳು. "ಯಕ್ಕಾ, ತಲಿ ನೆಟ್ಟಗೈತಿಲ್ಲೋ? ಬಂದವರಿಗೆ ಹಿಟ್ಟು ತಿನ್ನಸ್ತೀ ಏನು?"

ಕುರಿಗಾರ ಹೇಳಿದ್ದನ್ನು ಹೇಳಿದೆ. ಅವರಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬಳು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದಳು. ಗೆಳತಿ, "ನಿಮ್ಮ ಭಾವಗ ಯಾರು ಹೇಳವ್ರು? ನಾ ಅಂತೂ ಒಲ್ಲೆ, ನನಗ ಇನ್ನೂ ಬದುಕೋ ಆಸೆ ಐತಿ" ಎಂದಳು.

ಹೊಗೆ ಕಾಣದ್ದನ್ನು ನೋಡಿ ಅವರೇ ಬಂದರು. ನಾನು ತಲೆಯ ಮೇಲಿನ ಸೆರಗು ಎಳೆದುಕೊಂಡೆ, ಆದರೆ ಒಲೆಯ ಮುಂದಿನಿಂದ ಸರಿಯಲಿಲ್ಲ. ಅವರು ನನ್ನ ಕಡೆ ನೋಡದೆ ಗೆಳತಿಗೆ ಹೇಳಿದರು: "ಆಕಿಗೆ ಹೇಳಬೇ, ನಮ್ಮ ಮನಿತನದಾಗ ಬಂದವರನ್ನ ಉಪಾಸ ಕೆಡವಿದವರು ಯಾರೂ ಇಲ್ಲ ಅಂತ."

ಗೆಳತಿ ನನ್ನ ಕಡೆ ತಿರುಗಿ, "ಯಕ್ಕಾ, ನಿಮ್ಮ ಭಾವನವರು ಏನಂತಾರಂದ್ರ..." ಎಂದು ಶುರು ಮಾಡಿದಳು.

"ಕೇಳಿಸ್ತು," ಎಂದೆ. "ಮಾತಾದ ಮ್ಯಾಲೆ ಹೊಟ್ಟಿ ತುಂಬ ಹಾಕ್ತೇವಿ ಅಂತ ಹೇಳು."

ಅವರು ಏನೋ ಅನ್ನುವಷ್ಟರಲ್ಲಿ ಜೀಪುಗಳ ಸದ್ದು ಕೇಳಿತು. ಅವರು ತಲೆ ಕೊಡವಿ ಹೊರಟುಹೋದರು. ನಾನು ಕಡ್ಡಿಪೆಟ್ಟಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಬಂದವರಲ್ಲಿ ಮುಖ್ಯಳು ಎತ್ತರದ, ಬಿಳಿಗೂದಲಿನ ಒಬ್ಬ ಹೆಂಗಸು. ಜೊತೆಗೆ ಟೊಪ್ಪಿಗೆಯ ಗಂಡಸು. ಹುಡುಗಿ ಆ ದಿನ ತಾಯಿ ನೇಯ್ದ ಸೀರೆ ಉಟ್ಟಿದ್ದಳು. ಹಚ್ಚದ ಒಲೆ ನೋಡಿದ ಮೇಲೆ ಅವಳು ಮುಚ್ಚುಮರೆ ಮಾಡಲಿಲ್ಲ. ಉಂಡ ಮೇಲೆ ಇಲ್ಲಿಯವರು ಬೇಡವೆನ್ನುವುದಿಲ್ಲ, ಅದಕ್ಕೇ ಇಂದು ಅಡುಗೆಯನ್ನು ತಡೆದಿದ್ದಾರೆ, ಇದು ತನಗೆ ಮೊದಲು ತಿಳಿದಿರಲಿಲ್ಲ, ತಾನು ಕೊಟ್ಟ ವರದಿ ಸರಿಯಿಲ್ಲದಿರಬಹುದು ಎಂದು ನೇರವಾಗಿ ಅವರಿಗೆ ಹೇಳಿದಳಂತೆ. ಬಿಳಿಗೂದಲಿನಾಕೆ, ತಮ್ಮ ಕಡೆ ಎಲ್ಲ ಕಷ್ಟದ ಮಾತುಗಳನ್ನೂ ಊಟದ ಮೇಜಿನ ಮುಂದೆಯೇ ಆಡುತ್ತಾರೆ, ಬಹುಶಃ ಅದಕ್ಕೇ ತಮಗೆ ಯಾವಾಗಲೂ ಅಜೀರ್ಣ ಎಂದಳು. ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದಾಗ ಹಿಂದೆ ಕೂತ ಹೆಂಗಸರು ನಕ್ಕರು. ಭಾವನವರು ನಗಲಿಲ್ಲ.

ಹುಡುಗಿ ಎಂದಿನಂತೆ ಕೇಳಿದಳು, ಯಾರದಾದರೂ ತಕರಾರಿದೆಯೇ ಎಂದು.

ಯಾರೂ ಏಳಲಿಲ್ಲ. ಕುರಿಗಾರ ಹಿರಿಯ ಕಂಬದ ಹತ್ತಿರ ಕೂತಿದ್ದ. ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಡುತ್ತಿದ್ದ. ಹೊಟ್ಟೆ ಖಾಲಿಯಿದ್ದರೂ ಎದುರಿಗೆ ಭಾವನವರು ಕೂತಿದ್ದರಲ್ಲ. ನಾನು ಇದನ್ನು ಎಣಿಸಿರಲಿಲ್ಲ. ಒಲೆ ತಡೆದರೆ ಮಾತು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಟೊಪ್ಪಿಗೆಯವನು ಗಡಿಯಾರ ನೋಡಿಕೊಂಡ. ಹುಡುಗಿ ನನ್ನ ಕಡೆ ನೋಡಿದಳು. ಇನ್ನೊಂದು ಗಳಿಗೆ ಹೋದರೆ ಇಲ್ಲವೆಂದು ಬರೆಯುತ್ತಾರೆ, ಕುರಿಗಳು ಸಂತೆಗೆ ಹೋಗುತ್ತವೆ, ಊಟವಿಲ್ಲದ ಅವಮಾನ ಮಾತ್ರ ಉಳಿಯುತ್ತದೆ.

ನಾನು ಎದ್ದು ನಿಂತದ್ದು ನನಗೆ ನೆನಪಿಲ್ಲ. ನಿಂತಿದ್ದೆ, ಅಷ್ಟೇ. ನೆಲ ನೋಡುತ್ತಲೇ ಹೇಳಿದೆ: "ಸುಣ್ಣದ ಗೆರಿ ನಾನಽ ಹಾಕೇನ್ರಿ. ಅದು ಕುರಿದಾರಿ ದಾಟಿ ಹೋಗೈತಿ. ಬೇಲಿನೂ ದಾಟ್ತೈತಿ. ಕುರಿ ಎಲ್ಲಿ ಹೋಗಬೇಕು ಅನ್ನೂದನ್ನ ನಾವು ಯಾರೂ ಕೇಳಿಲ್ಲ."

ಭಾವನವರು ಮೊದಲ ಬಾರಿಗೆ ನೇರವಾಗಿ ನನ್ನೊಡನೆ ಮಾತಾಡಿದರು. "ಹಂಗಾರ ಕೆರಿ ತುಂಬೂದು ಬ್ಯಾಡೇನು ನಿನಗ?"

ಆಗ ಕಂಬದ ಹತ್ತಿರದಿಂದ ದನಿ ಬಂತು.

"ಕೆರಿ ತುಂಬ್ಲಿರಿ ಯಪ್ಪಾ. ನಮ್ಮ ಕುರಿನೂ ಅಲ್ಲೇ ನೀರು ಕುಡೀತಾವ. ಖರೆ, ನೀರು ಕುಡಿಯಾಕ ಕುರಿ ಉಳೀಬೇಕಲ್ರಿ." ಒಮ್ಮೆ ಶುರುವಾದ ಮೇಲೆ ಅವನು ನಿಲ್ಲಿಸಲಿಲ್ಲ. ಯಾವ ಮಳೆಗೆ ಯಾವ ಕಡೆ ಹುಲ್ಲು ಬರುತ್ತದೆ, ಮೇಲಿನ ಬಂಡೆಯ ಭಾಗದಲ್ಲಿ ಹುಲ್ಲು ಬೆಳೆಯದ್ದರಿಂದ ಕುರಿ ಹತ್ತುವುದೇ ಇಲ್ಲ, ಕೆಳಗಿನ ಇಳಿಜಾರಿಲ್ಲದೆ ಮಳೆಗಾಲ ಕಳೆಯುವುದಿಲ್ಲ. ಹುಡುಗಿ ವಾಕ್ಯ ಬಿಡದೆ ಅನುವಾದ ಮಾಡುತ್ತ ಹೋದಳು. ಬಿಳಿಗೂದಲಿನಾಕೆ ಎದ್ದು, ಗುಡ್ಡ ನೋಡೋಣ ಎಂದಳು.

ಹಸಿದ ಹೊಟ್ಟೆಯಲ್ಲೇ ಎಲ್ಲರೂ ಹತ್ತಿದೆವು. ಭಾವನವರೂ ಬಂದರು, ಎಲ್ಲರಿಗಿಂತ ಮುಂದೆ. ಕುರಿದಾರಿಯ ಹತ್ತಿರ ನಿಂತು ಅವರು ಹಿಕ್ಕೆಯನ್ನು ಕಾಲಿನಿಂದ ಸರಿಸಿ ನೋಡಿದರು. ಮೇಲಿನ ಬಂಡೆಯ ಕಡೆ ಗಿಡ ಬೇರು ಹಿಡಿಯುತ್ತದೆಯೇ, ಕೆಳಗೆ ಕಂದಕ ತೋಡಿ ನಡುವೆ ದಾರಿ ಬಿಟ್ಟರೆ ನೀರು ಎಷ್ಟು ಸೋರುತ್ತದೆ, ಇದನ್ನೇ ಬಿಸಿಲಲ್ಲಿ ವಾದಿಸಿದರು. ಕೊನೆಗೆ ಬಿಳಿಗೂದಲಿನಾಕೆ, ತಾನು ಇಲ್ಲಿ ಒಪ್ಪಿಗೆ ಕೊಡಲಾರೆ, ಇದನ್ನೆಲ್ಲ ತಮ್ಮ ಮಂಡಳಿಯ ಮುಂದೆ ಹೊಸದಾಗಿ ಇಡಬೇಕು ಎಂದಳು. ಇಳಿದು ಬಂದ ಮೇಲೆ ಒಲೆ ಹಚ್ಚಿದೆವು. ಭಾವನವರೇ ಬಡಿಸಿದರು. ತಾವು ಮಾತ್ರ ಉಣ್ಣಲಿಲ್ಲ.

ಆಮೇಲಿನ ತಿಂಗಳುಗಳು ನನಗೆ ಆ ದಿನಕ್ಕಿಂತ ಕಷ್ಟದವು. ಹಣ ನಿಂತಿತು. ಹೂಳೆತ್ತುವ ಯಂತ್ರ ಬರಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. "ಬಂದ ಲಕ್ಷ್ಮಿನ್ನ ಒಲಿ ಆರಿಸಿ ಕಳಿಸಿದಾಕಿ" ಎಂದು ಒಬ್ಬಳು ನನಗೆ ಕೇಳಿಸುವಂತೆಯೇ ಅಂದಳು. ಹುಡುಗಿ ಹೊರದೇಶದ ಆ ದೊಡ್ಡ ಸಭೆಗೆ ಹೋಗಿದ್ದಳು. ಕೆಲಸ ಉಳಿದಿದೆಯೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಫೋನು ಬಂತು. ಹಿಂದೆ ಸಂತೆಯಂಥ ಗದ್ದಲ. "ದೊಡ್ಡವ್ವಾ, ಒಪ್ಪಿದ್ರು. ಮ್ಯಾಲಿನ ಕಡೆ ಬೇಲಿ, ಕೆಳಗಿನ ಕಡೆ ಕುರಿಗೆ ಬಿಡೂದು. ರೊಕ್ಕ ಕಡಿಮಿ ಆತು, ಕೆರಿ ಕೆಲಸ ಅರ್ಧಾನಽ ಆಗ್ತೈತಿ. ಮತ್ತ ಪ್ರತಿ ವರ್ಷ ಮಳಿಗಾಲಕ್ಕ ಮೊದಲ ಊರವರು ಕುಂತು ಇದನ್ನ ಮತ್ತ ನೋಡಬೇಕಂತ. ಯಾರದರೆ ತಕರಾರು ಬಂದ್ರ ಮತ್ತ ಮೊದಲಿಂದ." ಅವಳ ಕೆಲಸ? "ಸದ್ಯಾಕ್ಕ ಐತಿ," ಎಂದು ನಕ್ಕಳು. ಫೋನು ಇಟ್ಟ ಮೇಲೆ ನನಗೆ ಸಂತೋಷಕ್ಕಿಂತ ಮೊದಲು ಕಿವಿಯಲ್ಲಿ ಉಳಿದದ್ದು 'ಪ್ರತಿ ವರ್ಷ' ಎಂಬ ಮಾತು.

ಮರುವರ್ಷ ಮೃಗಶಿರಾ ಮಳೆ ಬಿದ್ದಾಗ ಬೇಲಿಯ ಕಂಬ ನೆಡುವ ಕೆಲಸ ಶುರುವಾಯಿತು. ನಾನು ಗುರುತು ನೋಡಲು ಹತ್ತಿದ್ದೆ. ಕೆಳಗಿನ ಇಳಿಜಾರಿನಲ್ಲಿ ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಕುರಿಗಾರ ಹಿರಿಯ ಒಂದು ಕಲ್ಲಿನ ಮೇಲೆ ಕೂತಿದ್ದ.

"ತಂಗೆವ್ವಾ, ಬರೋ ವರ್ಸ ಮತ್ತ ಕೇಳ್ತಾರಂತ, ಖರೆ ಏನು?"

"ಖರೆ ಅಣ್ಣಾ."

"ಆಗೂ ಮೊದಲ ನೀನಽ ಏಳ್ತೀ ಹೌದಿಲ್ಲೋ?"

"ಇಲ್ಲಣ್ಣಾ. ಮೊದಲ ನೀ ಏಳು. ನಾ ಹಿಂದ ಕುಂತಿರ್ತೇನಿ."

"ಅಂಜಿಕಿ ಬರ್ತೈತಿ," ಎಂದ.

"ನನಗೂ ಬರ್ತೈತಿ," ಎಂದೆ. "ಇವತ್ತಿಂದನಽ ರೂಢಿ ಮಾಡ್ಕೊ. ಈ ಕಂಬ ಇಲ್ಲಿ ನಡಬೇಕಂತ ಮಾಡೇವಿ. ನಿನಗ ಸರಿ ಐತೇನು, ಹೇಳು."

ಅವನು ಎದ್ದು ಕಂಬದ ಹತ್ತಿರ ಬಂದ. ಕೆಳಗೆ ನೋಡಿದ, ಮೇಲೆ ನೋಡಿದ. ಸಮಿತಿಯವರು ಅಗೆದ ತಗ್ಗನ್ನು ಕೋಲಿನಿಂದ ತಟ್ಟಿ, ನನ್ನ ಮುಖ ನೋಡಿದ.

"ಇಲ್ಲ," ಎಂದ. "ಇನ್ನೊಂದೀಟು ಮ್ಯಾಲೆ ಹೋಗಬೇಕು."